ಮೇನು, ಕ್ರಾಸು ಮತ್ತು ಒಂದು ಚುಕ್ಕಿ: ರೇಖಾಗಣಿತ ಶುರುವಾಗುವುದು ಎಲ್ಲಿಂದ?

ಜೂನ್ ಬಂತೆಂದರೆ ಬೆಂಗಳೂರಿನ ಸ್ಟೇಷನರಿ ಅಂಗಡಿಗಳಲ್ಲಿ ಜಾಮಿಟ್ರಿ ಬಾಕ್ಸ್‌ಗಳು ಕೌಂಟರ್ ಮೇಲೆ ಬಂದು ಕೂರುತ್ತವೆ. ತಗಡಿನ ಪೆಟ್ಟಿಗೆ, ಒಳಗೆ ಕೈವಾರ, ಕೋನಮಾಪಕ, ಎರಡು ಮೂಲೆಮಟ್ಟ, ಒಂದು ಸಣ್ಣ ಸ್ಕೇಲು. ಮಕ್ಕಳಿಗೆ ಅದೊಂದು ಸಂಭ್ರಮ. ಆ ಸಂಭ್ರಮ ಮೊದಲ ಪಾಠದಲ್ಲೇ ತಡವರಿಸುವುದನ್ನು ಪ್ರತಿ ವರ್ಷ ನೋಡುತ್ತೇನೆ. ನಾನು ಹನುಮಂತನಗರದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಈ ಸಲ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಪುಸ್ತಕ ಮುಂದಿಟ್ಟುಕೊಂಡು ಕೇಳಿದಳು: “ಮಿಸ್, ಬಿಂದುಗೆ ಉದ್ದ ಇಲ್ಲ, ಅಗಲ ಇಲ್ಲ, ದಪ್ಪ ಇಲ್ಲ ಅಂತ ಬರ್ದಿದೆ. ಮತ್ತೆ ನೀವು ಬೋರ್ಡ್ ಮೇಲೆ ಇಟ್ರಲ್ಲ, ಅದೇನು? ನಂಗೆ ಕಾಣಿಸ್ತಿದೆಯಲ್ಲ?”

ಅವಳನ್ನು ಕರೆದೊಯ್ಯಲು ಬಂದ ಅಮ್ಮನದು ಇನ್ನೊಂದು ಪ್ರಶ್ನೆ. “ರೇಖೆ ಬೇರೆ, ರೇಖಾಖಂಡ ಬೇರೆ ಅಂತ ಮಾರ್ಕ್ಸ್ ಕಟ್ ಮಾಡಿದ್ದಾರೆ ಮೇಡಂ. ಎರಡೂ ಗೆರೆನೇ ಅಲ್ವಾ?”

ಎರಡೂ ನ್ಯಾಯವಾದ ಪ್ರಶ್ನೆಗಳು. ಬಿಂದು, ರೇಖೆ, ಸಮತಲ, ಕೋನ ಈ ನಾಲ್ಕು ಮಾತುಗಳ ಮೇಲೆಯೇ ಮುಂದಿನ ಐದಾರು ವರ್ಷದ ರೇಖಾಗಣಿತವೆಲ್ಲ ನಿಂತಿದೆ. ಮನೆಯಲ್ಲಿ ಮಕ್ಕಳ ಜೊತೆ ಕೂತು ಓದಿಸುವ ಅಪ್ಪ ಅಮ್ಮಂದಿರಿಗೂ ಉಪಯೋಗವಾಗಲಿ ಎಂದು ಮೊದಲಿನಿಂದ ಹೇಳುತ್ತೇನೆ.

ಬಿಂದು: ಜಾಗ ತೋರಿಸುತ್ತದೆ, ಜಾಗ ಹಿಡಿಯುವುದಿಲ್ಲ

ಬೆಂಗಳೂರಿನವರಿಗೆ ಬಿಂದುವನ್ನು ಅರ್ಥಮಾಡಿಸುವುದು ಸುಲಭ. ನಮ್ಮ ವಿಳಾಸಗಳೇ ಹಾಗಿವೆ. ಆಟೋದವರಿಗೆ “ಹನ್ನೊಂದನೇ ಮೇನು, ನಾಲ್ಕನೇ ಕ್ರಾಸು” ಎಂದರೆ ಸಾಕು, ಆ ಎರಡು ರಸ್ತೆ ಕೂಡುವಲ್ಲಿ ತಂದು ನಿಲ್ಲಿಸುತ್ತಾರೆ. ನಾವು ಹೇಳಿದ್ದು ಆ ರಸ್ತೆಯ ಅಗಲವನ್ನಲ್ಲ, ಅಲ್ಲಿರುವ ಬೇಕರಿಯ ಗಾತ್ರವನ್ನೂ ಅಲ್ಲ. ಎಲ್ಲಿ ಎನ್ನುವುದನ್ನು ಮಾತ್ರ. ಬಿಂದು ಎಂದರೆ ಅಷ್ಟೇ, ಒಂದು ‘ಎಲ್ಲಿ’.

ಫೋನಿನ ಮ್ಯಾಪ್ ತೆರೆದು ಮಕ್ಕಳಿಗೆ ತೋರಿಸಿ. ಎರಡು ಬೆರಳು ಅಗಲಿಸಿದಂತೆ ರಸ್ತೆ ದಪ್ಪವಾಗುತ್ತದೆ, ಕಟ್ಟಡ ದೊಡ್ಡದಾಗುತ್ತದೆ. ಜಾಗ ಗುರುತಿಸುವ ಪಿನ್ನಿನ ಮೊನೆ ಮಾತ್ರ ದೊಡ್ಡದಾಗುವುದಿಲ್ಲ. ಎಷ್ಟು ಹಿಗ್ಗಿಸಿದರೂ ಅದು ಒಂದೇ ಕಡೆಗೆ ಬೆರಳು ಮಾಡುತ್ತದೆ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಇಟ್ಟ ಚುಕ್ಕಿ ಹಾಗಲ್ಲ. ಭೂತಗನ್ನಡಿ ಹಿಡಿದರೆ ಅದೊಂದು ಪುಡಿಯ ಗುಡ್ಡೆ. ಆದ್ದರಿಂದ ಆ ಹುಡುಗಿಗೆ ನಾನು ಕೊಟ್ಟ ಉತ್ತರ: ಬೋರ್ಡ್ ಮೇಲೆ ಕಾಣುತ್ತಿರುವುದು ಬಿಂದುವಿನ ಚಿತ್ರ. ಹುಲಿಯ ಚಿತ್ರ ಹುಲಿಯಲ್ಲ, ಆದರೂ ಚಿತ್ರ ನೋಡಿ ಹುಲಿಯನ್ನು ನೆನೆಯುತ್ತೇವಲ್ಲ, ಇದೂ ಹಾಗೆ.

ಗಾತ್ರವೇ ಇರಬಾರದು ಎಂಬ ಹಟ ಏಕೆ? ಪೆನ್ಸಿಲಿನಿಂದ 2 ಮಿಲಿಮೀಟರ್ ಅಗಲದ ಎರಡು ಚುಕ್ಕಿ ಇಟ್ಟು ನಡುವಿನ ದೂರ ಅಳೆಯಲು ಹೇಳಿ. ಒಬ್ಬರು ಒಳಗಿನ ಅಂಚಿನಿಂದ ಒಳಗಿನ ಅಂಚಿಗೆ ಅಳೆಯುತ್ತಾರೆ, ಇನ್ನೊಬ್ಬರು ಹೊರಗಿನಿಂದ ಹೊರಗೆ. ಉತ್ತರದಲ್ಲಿ 4 ಮಿಲಿಮೀಟರ್ ವ್ಯತ್ಯಾಸ. ಇಬ್ಬರೂ ತಪ್ಪು ಮಾಡಿಲ್ಲ, ಚುಕ್ಕಿಗೆ ಮೈ ಇದ್ದದ್ದೇ ತೊಂದರೆ. ಎಲ್ಲರ ಅಳತೆಯೂ ಒಂದೇ ಬರಬೇಕಾದರೆ ಅಳೆಯಲು ಶುರುಮಾಡುವ ಜಾಗಕ್ಕೆ ಅಂಚು ಇರಬಾರದು. ಬಿಂದುವಿನ ಗಾತ್ರವನ್ನು ತೆಗೆದುಹಾಕಿದ್ದು ಈ ಕಾರಣಕ್ಕೆ.

ಬಿಂದುವಿಗೆ ಒಂದು ಅಕ್ಷರದ ಹೆಸರು ಕೊಡುವುದು ರೂಢಿ. ಶಾಲೆಯ ಪುಸ್ತಕದಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಇರುತ್ತದೆ. ಇಲ್ಲಿ ಕ, ಖ, ಗ ಎಂದೇ ಕರೆಯೋಣ.

ಎರಡು ಗೂಟ, ಒಂದು ದಾರ

ಮನೆ ಕಟ್ಟುವ ಕಡೆ ಮೇಸ್ತ್ರಿಯ ಕೆಲಸ ನೋಡಿದ್ದೀರಾ? ಗೋಡೆ ಎಬ್ಬಿಸುವ ಮೊದಲು ಎರಡು ಗೂಟ ಹೊಡೆದು ನಡುವೆ ದಾರ ಬಿಗಿಯುತ್ತಾರೆ. ಮೂರನೇ ಗೂಟ ಬೇಕಾಗುವುದಿಲ್ಲ. ಎರಡು ಗೂಟದ ನಡುವೆ ಬಿಗಿದ ದಾರಕ್ಕೆ ಇರುವುದು ಒಂದೇ ದಾರಿ. ಒಂದೇ ಗೂಟ ಇದ್ದರೆ ದಾರವನ್ನು ಯಾವ ದಿಕ್ಕಿಗಾದರೂ ಎಳೆಯಬಹುದು. ರೇಖಾಗಣಿತದ ಮೊದಲ ನಿಯಮ ಇದೇ: ಒಂದು ಬಿಂದುವಿನ ಮೂಲಕ ಲೆಕ್ಕವಿಲ್ಲದಷ್ಟು ಸರಳರೇಖೆಗಳು ಹೋಗುತ್ತವೆ, ಎರಡು ಬಿಂದುಗಳ ಮೂಲಕ ಒಂದೇ ಒಂದು.

ಬೆಳಿಗ್ಗೆ ಬಾಗಿಲಲ್ಲಿ ಚುಕ್ಕಿ ರಂಗೋಲಿ ಇಡುವವರು ಮೊದಲು ಚುಕ್ಕಿಗಳನ್ನು ಇಟ್ಟು ಆಮೇಲೆ ಗೆರೆ ಎಳೆಯುವುದೂ ಇದೇ ಕ್ರಮದಲ್ಲಿ. ಒಂದೇ ಸಾಲಿನಲ್ಲಿಲ್ಲದ ಮೂರು ಚುಕ್ಕಿ ಇಟ್ಟು, ಎರಡೆರಡನ್ನು ಸೇರಿಸುತ್ತ ಹೋದರೆ 3 ಗೆರೆ. ಯಾವ ಮೂರೂ ಒಂದೇ ಸಾಲಿಗೆ ಬಾರದಂತೆ ನಾಲ್ಕು ಚುಕ್ಕಿ ಇಟ್ಟರೆ 6, ಐದು ಇಟ್ಟರೆ 10. ಏಕೆ ಹಾಗೆ ಹೆಚ್ಚುತ್ತದೆ ಎಂದು ಮಕ್ಕಳೇ ಕಂಡುಕೊಳ್ಳಲಿ, ಒಂದು ಸಂಜೆ ಚೆನ್ನಾಗಿ ಕಳೆಯುತ್ತದೆ.

ಈಗ ಆ ಅಮ್ಮನ ಪ್ರಶ್ನೆಗೆ ಬರೋಣ. ಗೂಟದಿಂದ ಗೂಟಕ್ಕೆ ಬಿಗಿದ ದಾರಕ್ಕೆ ಎರಡು ತುದಿ ಇವೆ, ಟೇಪ್ ಹಿಡಿದರೆ ಇಷ್ಟು ಅಡಿ ಎಂದು ಹೇಳಬಹುದು. ಇದು ರೇಖಾಖಂಡ. ಖಂಡ ಎಂದರೆ ತುಂಡು, ರೇಖೆಯ ಒಂದು ತುಂಡು. ಅದೇ ದಾರ ಎರಡೂ ಕಡೆಗೆ, ಗೂಟಗಳನ್ನು ದಾಟಿ, ನೇರವಾಗಿ, ಎಂದಿಗೂ ನಿಲ್ಲದೆ ಹೋಗುತ್ತಲೇ ಇದೆ ಎಂದು ಭಾವಿಸಿದರೆ ಅದು ರೇಖೆ. ರೇಖೆಗೆ ತುದಿಯಿಲ್ಲ, ಆದ್ದರಿಂದ ಉದ್ದ ಎಷ್ಟು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಚಿತ್ರದಲ್ಲಿ ಎರಡೂ ಕಡೆ ಬಾಣ ಹಾಕುವುದು ‘ಇನ್ನೂ ಇದೆ’ ಎಂದು ಹೇಳಲಿಕ್ಕೆ. ‘7 ಸೆಂಟಿಮೀಟರ್ ಉದ್ದದ ರೇಖೆ’ ಎಂದು ಬರೆದರೆ ಅಂಕ ಹೋಗುವುದು ಇದರಿಂದಲೇ. ಅಳತೆ ಇದ್ದರೆ ಅದು ಖಂಡ.

ಮೆಟ್ರೋದಲ್ಲಿ ‘ನೇರಳೆ ಲೈನ್’, ‘ಹಸಿರು ಲೈನ್’ ಎನ್ನುತ್ತೇವೆ. ರೇಖಾಗಣಿತದ ಕಣ್ಣಿನಲ್ಲಿ ಅವು ರೇಖೆಗಳಲ್ಲ. ನೇರಳೆಗೆ ಚಲ್ಲಘಟ್ಟದಲ್ಲಿ ಒಂದು ತುದಿ, ವೈಟ್‌ಫೀಲ್ಡ್‌ನಲ್ಲಿ ಇನ್ನೊಂದು ತುದಿ, ಜೊತೆಗೆ ದಾರಿಯಲ್ಲಿ ಹತ್ತಾರು ಬಾಗು.

ಕಿರಣ: ಕೆಂಪೇಗೌಡರ ನೇಗಿಲು

ಒಂದು ಕಡೆ ತುದಿ ಇದ್ದು ಇನ್ನೊಂದು ಕಡೆ ಕೊನೆಯಿಲ್ಲದೆ ಹೋಗುವುದು ಕಿರಣ. ಪುಸ್ತಕಗಳಲ್ಲಿ ಟಾರ್ಚಿನ ಬೆಳಕಿನ ಉದಾಹರಣೆ ಇರುತ್ತದೆ. ನನಗೆ ಅದಕ್ಕಿಂತ ಇಷ್ಟವಾದ ಉದಾಹರಣೆ ನಮ್ಮ ಊರಿನ ಹುಟ್ಟಿನದು. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಕಟ್ಟುವಾಗ, ಇಂದಿನ ಚಿಕ್ಕಪೇಟೆ ಮತ್ತು ಅವೆನ್ಯೂ ರಸ್ತೆ ಕೂಡುವ ಜಾಗದಿಂದ ನಾಲ್ಕು ನೇಗಿಲು ಹೂಡಿ ನಾಲ್ಕು ದಿಕ್ಕಿಗೂ ಎತ್ತುಗಳನ್ನು ಹೊಡೆಸಿದರು, ಆ ನೇಗಿಲ ಸಾಲುಗಳೇ ಪೇಟೆಯ ಮುಖ್ಯ ಬೀದಿಗಳಾದವು ಎಂಬ ಪ್ರತೀತಿ ಇದೆ.

ಅದನ್ನು ಹಾಳೆಯ ಮೇಲೆ ಬರೆದುನೋಡಿ. ನಡುವೆ ಒಂದು ಬಿಂದು, ಅಲ್ಲಿಂದ ಹೊರಟ ನಾಲ್ಕು ಕಿರಣ. ಉತ್ತರಕ್ಕೆ ಹೋದ ಸಾಲೂ ದಕ್ಷಿಣಕ್ಕೆ ಹೋದ ಸಾಲೂ ಒಂದಕ್ಕೊಂದು ಬೆನ್ನು ಮಾಡಿವೆ. ಎರಡನ್ನೂ ಸೇರಿಸಿದರೆ ಒಂದು ಪೂರ್ತಿ ರೇಖೆ. ಪೂರ್ವ ಪಶ್ಚಿಮದ್ದು ಇನ್ನೊಂದು. ಎತ್ತುಗಳು ಎಲ್ಲೋ ನಿಂತಿರುತ್ತವೆ, ಗಣಿತದ ಕಿರಣ ನಿಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ.

ಕಿರಣಕ್ಕೆ ಹೆಸರಿಡುವಾಗ ಹೊರಟ ಬಿಂದುವನ್ನು ಮೊದಲು ಹೇಳಬೇಕು. ರೇಖಾಖಂಡ ಕಖ ಎಂದರೂ ಖಕ ಎಂದರೂ ಒಂದೇ. ಕಿರಣ ಕಖ ಬೇರೆ, ಕಿರಣ ಖಕ ಬೇರೆ. ಮೆಜೆಸ್ಟಿಕ್‌ನಿಂದ ಮೈಸೂರಿನ ಕಡೆಗೆ ಹೊರಡುವುದೂ ಮೈಸೂರಿನಿಂದ ಮೆಜೆಸ್ಟಿಕ್ ಕಡೆಗೆ ಹೊರಡುವುದೂ ಒಂದೇ ಅಲ್ಲವಲ್ಲ.

ಸಮತಲ: ಮೂರು ಕಲ್ಲಿನ ಒಲೆ

ಸಮತಲ ಎಂದರೆ ಏರು ತಗ್ಗಿಲ್ಲದೆ ಎಲ್ಲ ಕಡೆಗೂ ಕೊನೆಯಿಲ್ಲದೆ ಹರಡಿದ ಹರವು, ದಪ್ಪವಿಲ್ಲದ್ದು. ನೆಲದ ಗ್ರಾನೈಟ್, ಕಪ್ಪುಹಲಗೆ, ನೋಟ್‌ಬುಕ್ಕಿನ ಹಾಳೆ, ಇವೆಲ್ಲ ಅದರ ತುಣುಕಿನ ಚಿತ್ರಗಳು.

ರೇಖೆಯನ್ನು ಗೊತ್ತುಮಾಡಲು ಎರಡು ಬಿಂದು ಸಾಕಾಯಿತು. ಸಮತಲಕ್ಕೆ ಒಂದೇ ಸಾಲಿನಲ್ಲಿಲ್ಲದ ಮೂರು ಬೇಕು. ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಒಲೆಗೆ ಮೂರು ಕಲ್ಲು ಇಟ್ಟರೆ ಮಡಕೆ ಅಲುಗಾಡದೆ ಕೂರುತ್ತದೆ, ಕಲ್ಲುಗಳು ಸಮ ಎತ್ತರ ಇಲ್ಲದಿದ್ದರೂ. ಆಗ ಮಡಕೆ ಓರೆಯಾಗಬಹುದು, ಆದರೆ ಕುಣಿಯುವುದಿಲ್ಲ. ನಾಲ್ಕು ಕಾಲಿನ ಮೇಜಿನ ಕಥೆ ಬೇರೆ. ಮೂರು ಕಾಲುಗಳು ಒಂದು ಸಮತಲವನ್ನು ಆಗಲೇ ನಿಶ್ಚಯಿಸಿಬಿಟ್ಟಿರುತ್ತವೆ, ನಾಲ್ಕನೆಯದು ಅದೇ ಸಮತಲಕ್ಕೆ ಸರಿಯಾಗಿ ಬಾರದಿದ್ದರೆ ಗಾಳಿಯಲ್ಲಿ ನಿಲ್ಲುತ್ತದೆ. ಹೋಟೆಲಿನಲ್ಲಿ ಕಾಫಿ ತುಳುಕದಿರಲೆಂದು ಮೇಜಿನ ಒಂದು ಕಾಲಿನ ಕೆಳಗೆ ಪೇಪರ್ ಮಡಚಿ ಇಡುತ್ತಾರಲ್ಲ, ಅದು ಆ ನಾಲ್ಕನೇ ಬಿಂದುವನ್ನು ಸಮತಲಕ್ಕೆ ಸೇರಿಸುವ ಕೆಲಸ.

ಆಯಾಮ ಎಂಬ ಮಾತು ಇಲ್ಲೇ ಅರ್ಥವಾಗುತ್ತದೆ. ಹೆದ್ದಾರಿಯ ಮೇಲಿನ ಒಂದು ಜಾಗ ಹೇಳಲು ಒಂದೇ ಸಂಖ್ಯೆ ಸಾಕು, ಇಷ್ಟನೇ ಕಿಲೋಮೀಟರ್ ಕಲ್ಲು. ರೇಖೆಗೆ ಒಂದು ಆಯಾಮ. ಬಡಾವಣೆಯಲ್ಲಿ ಎರಡು ಬೇಕು, ಮೇನು ಮತ್ತು ಕ್ರಾಸು. ಸಮತಲಕ್ಕೆ ಎರಡು ಆಯಾಮ. ಅದೇ ಕ್ರಾಸಿನಲ್ಲಿ ಅಪಾರ್ಟ್‌ಮೆಂಟ್ ಇದ್ದರೆ ಎಷ್ಟನೇ ಮಹಡಿ ಎಂದೂ ಹೇಳಬೇಕು. ನಾವು ಓಡಾಡುವ ಜಗತ್ತಿಗೆ ಮೂರು. ಬಿಂದುವಿನ ಒಳಗೆ ಎಲ್ಲಿ ಎಂದು ಕೇಳುವುದಕ್ಕೆ ಜಾಗವೇ ಇಲ್ಲ, ಅದಕ್ಕೆ ಸೊನ್ನೆ ಆಯಾಮ. ಬೆಂಗಳೂರಿನಲ್ಲಿ ‘ನಾಲ್ಕನೇ ಕ್ರಾಸ್’ ಎಂದಷ್ಟೇ ಹೇಳಿದರೆ ‘ಯಾವ ಏರಿಯಾ?’ ಎಂದು ಮರುಪ್ರಶ್ನೆ ಬರುತ್ತದೆ. ಅದೂ ಗಣಿತವೇ: ಎಣಿಕೆ ಎಲ್ಲಿಂದ ಶುರು ಎಂದು ಮೊದಲು ಒಪ್ಪಿಕೊಂಡಿರಬೇಕು. ದೊಡ್ಡ ತರಗತಿಗಳಲ್ಲಿ ಆ ಜಾಗಕ್ಕೆ ಮೂಲಬಿಂದು ಎನ್ನುತ್ತಾರೆ.

ಕೂಡುವ ರೇಖೆ, ಕೂಡದ ರೇಖೆ

1898ರ ಪ್ಲೇಗಿನ ನಂತರ ಇಕ್ಕಟ್ಟಾದ ಪೇಟೆಯಿಂದ ಜನ ಹೊರಬಂದು ನೆಲೆಸಲೆಂದು ಬೆಳೆಸಿದ ಬಡಾವಣೆಗಳಲ್ಲಿ ಮಲ್ಲೇಶ್ವರ ಒಂದು. ಅಲ್ಲಿ ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆ ಅಕ್ಕಪಕ್ಕ ಹೋಗುತ್ತವೆ, ಎಂಟನೇ ಕ್ರಾಸು ಎರಡನ್ನೂ ಅಡ್ಡ ಹಾಯುತ್ತದೆ. ಒಂದೇ ಸಮತಲದಲ್ಲಿದ್ದು ಎಷ್ಟು ಮುಂದೆ ಹೋದರೂ ಕೂಡದ ರೇಖೆಗಳು ಸಮಾಂತರ. ಒಂದು ಬಿಂದುವಿನಲ್ಲಿ ಕೂಡಿದರೆ ಛೇದಿಸುವ ರೇಖೆಗಳು. ಹಾಗೆ ಕೂಡುವಾಗ ನಾಲ್ಕೂ ಮೂಲೆ ಸಮವಾಗಿದ್ದರೆ ಅವು ಪರಸ್ಪರ ಲಂಬ.

ಸಮಾಂತರಕ್ಕೆ ರೈಲು ಹಳಿಯ ಉದಾಹರಣೆ ಕೊಟ್ಟ ಕೂಡಲೇ ಯಾರಾದರೊಬ್ಬರು “ದೂರದಲ್ಲಿ ಸೇರ್ಕೊಳ್ಳುತ್ತಲ್ಲ ಮಿಸ್” ಎನ್ನುತ್ತಾರೆ. ಸೇರುವುದಿಲ್ಲ. ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್, ಮೆಟ್ರೋ ಹಳಿಗಳದ್ದು 1435. ದಾರಿಯುದ್ದಕ್ಕೂ ಅಷ್ಟೇ ಇರುತ್ತದೆ, ಇಲ್ಲದಿದ್ದರೆ ಗಾಡಿ ಹಳಿ ತಪ್ಪುತ್ತದೆ. ದೂರದ ವಸ್ತು ಕಣ್ಣಿಗೆ ಚಿಕ್ಕದಾಗಿ ಕಾಣುವಂತೆ ದೂರದ ಅಂತರವೂ ಚಿಕ್ಕದಾಗಿ ಕಾಣುತ್ತದೆ.

ವ್ಯಾಖ್ಯೆಯಲ್ಲಿ ‘ಒಂದೇ ಸಮತಲದಲ್ಲಿದ್ದು’ ಎಂಬ ಮಾತನ್ನು ಮಕ್ಕಳು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಆ ಮಾತಿನ ಬೆಲೆ ತಿಳಿಯಬೇಕಾದರೆ ಮೆಜೆಸ್ಟಿಕ್ ಮೆಟ್ರೋ ನಿಲ್ದಾಣಕ್ಕೆ ಹೋಗಬೇಕು. ಗೋಡೆಯ ಮೇಲಿನ ನಕ್ಷೆಯಲ್ಲಿ ನೇರಳೆ ಮತ್ತು ಹಸಿರು ದಾರಿಗಳು ಅಲ್ಲಿ ಒಂದನ್ನೊಂದು ಛೇದಿಸುತ್ತವೆ. ಆದರೆ ರೈಲು ಬದಲಿಸುವಾಗ ನಾವು ಎಸ್ಕಲೇಟರ್ ಹಿಡಿಯುತ್ತೇವೆ, ಏಕೆಂದರೆ ಒಂದು ದಾರಿ ಮೇಲಿದೆ, ಇನ್ನೊಂದು ಅದರ ಕೆಳಗಿದೆ. ಹಳಿಗಳು ನಿಜವಾಗಿ ಎಲ್ಲಿಯೂ ಮುಟ್ಟುವುದಿಲ್ಲ. ಕೂಡುವುದಿಲ್ಲ, ಹಾಗೆಂದು ಸಮಾಂತರವೂ ಅಲ್ಲ. ನಕ್ಷೆ ಎರಡು ಆಯಾಮದ್ದು, ನಿಲ್ದಾಣ ಮೂರು ಆಯಾಮದ್ದು. ಫ್ಲೈಓವರ್ ಮತ್ತು ಅದರಡಿ ಅಡ್ಡ ಹೋಗುವ ರಸ್ತೆಯೂ ಹೀಗೆಯೇ.

ಕೋನ: ಎಷ್ಟು ತಿರುಗಿತು ಎಂಬ ಲೆಕ್ಕ

ಒಂದೇ ಬಿಂದುವಿನಿಂದ ಹೊರಟ ಎರಡು ಕಿರಣಗಳ ನಡುವಿನ ತಿರುವು ಕೋನ. ಆ ಬಿಂದು ಶೃಂಗ, ಕಿರಣಗಳು ಬಾಹುಗಳು. ಇಲ್ಲಿ ಮಕ್ಕಳು ಮಾಡುವ ದೊಡ್ಡ ತಪ್ಪೆಂದರೆ ಬಾಹು ಉದ್ದ ಬರೆದರೆ ಕೋನ ದೊಡ್ಡದು ಎಂದುಕೊಳ್ಳುವುದು. ಲಾಲ್‌ಬಾಗಿನ ಹುಲ್ಲುಹಾಸಿನ ಮೇಲಿನ ದೊಡ್ಡ ಗಡಿಯಾರ ಮೂರು ಗಂಟೆ ತೋರಿಸಿದರೂ, ನಿಮ್ಮ ಕೈಗಡಿಯಾರ ಮೂರು ಗಂಟೆ ತೋರಿಸಿದರೂ ಮುಳ್ಳುಗಳ ನಡುವಿನ ಕೋನ 90 ಡಿಗ್ರಿಯೇ. ಮುಳ್ಳಿನ ಉದ್ದಕ್ಕೂ ತಿರುವಿಗೂ ಸಂಬಂಧವಿಲ್ಲ.

ಪೂರ್ತಿ ಒಂದು ಸುತ್ತಿಗೆ 360 ಡಿಗ್ರಿ. ಪ್ರಾಚೀನ ಬ್ಯಾಬಿಲೋನಿನವರು 60ರ ಲೆಕ್ಕದಲ್ಲಿ ಎಣಿಸುತ್ತಿದ್ದರು, 360 ಆ ಪದ್ಧತಿಗೆ ಸೇರಿದ್ದು. ಅನುಕೂಲವೂ ಇದೆ: 100ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 9 ಮಾತ್ರ, 360ಕ್ಕೆ 24. ಅರ್ಧ, ಮೂರನೇ ಒಂದು, ಎಂಟನೇ ಒಂದು, ಒಂಬತ್ತನೇ ಒಂದು, ಯಾವ ಪಾಲು ಮಾಡಿದರೂ ಪೂರ್ಣಸಂಖ್ಯೆ.

ಹೆಸರುಗಳನ್ನು ಬಾಯಿಪಾಠ ಮಾಡಿಸುವ ಬದಲು ಮಕ್ಕಳನ್ನೇ ನಿಂತಲ್ಲಿ ತಿರುಗಿಸಿ. ಮೇನ್ ರೋಡಿನಿಂದ ಕ್ರಾಸಿಗೆ ತಿರುಗಿದರೆ 90, ಅದು ಲಂಬಕೋನ. ಯೂಟರ್ನ್ ಹೊಡೆದರೆ 180, ಸರಳಕೋನ. 90ಕ್ಕಿಂತ ಕಡಿಮೆ ತಿರುವು ಲಘುಕೋನ, 90 ಮತ್ತು 180ರ ನಡುವಿನದು ವಿಶಾಲಕೋನ, ಯೂಟರ್ನನ್ನೂ ಮೀರಿ ತಿರುಗಿದರೆ ಸರಳಾಧಿಕ ಕೋನ.

ಕೋನಮಾಪಕದಲ್ಲಿ ಎರಡು ಸಾಲು ಅಂಕಿಗಳಿವೆ, ಒಂದು ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. 60 ಬರೆಯಬೇಕಾದಲ್ಲಿ 120 ಬರೆಯುವುದು ಇದರಿಂದ. ಅಳೆಯುವ ಮೊದಲು ಕಣ್ಣಳತೆಯಲ್ಲಿ ‘ಇದು ಪುಸ್ತಕದ ಮೂಲೆಗಿಂತ ಚಿಕ್ಕದೋ ದೊಡ್ಡದೋ’ ಎಂದು ಕೇಳಿಕೊಂಡರೆ ಆ ತಪ್ಪು ಆಗುವುದಿಲ್ಲ. ಬಾಹು ಯಾವ ಸಾಲಿನ ಸೊನ್ನೆಯ ಮೇಲೆ ಕೂತಿದೆಯೋ ಆ ಸಾಲಿನಲ್ಲೇ ಓದಬೇಕು.

ರೇಖಾಖಂಡ ಮತ್ತು ಕೋನ, ಇವೆರಡೇ ಕೈಯಲ್ಲಿದ್ದರೆ ಏನು ಮಾಡಬಹುದು ಎಂಬುದಕ್ಕೆ ದೊಡ್ಡ ಸಾಕ್ಷಿ ಈ ದೇಶದ ಭೂಮಾಪನ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ಸುಮಾರು ಏಳೂವರೆ ಮೈಲಿಯ ಒಂದು ರೇಖಾಖಂಡವನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆಸಿದರು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆಂದು ಉಷ್ಣಾಂಶವನ್ನೂ ಬರೆದಿಟ್ಟುಕೊಂಡು ಲೆಕ್ಕ ಸರಿಪಡಿಸಿದರು. ಆಮೇಲೆ ಸರಪಳಿ ಎಳೆಯುವ ಅಗತ್ಯ ಹೆಚ್ಚು ಬೀಳಲಿಲ್ಲ. ತ್ರಿಭುಜದ ಒಂದು ಬಾಹುವಿನ ಉದ್ದವೂ ಅದರ ಎರಡು ತುದಿಯ ಕೋನಗಳೂ ಗೊತ್ತಿದ್ದರೆ ಉಳಿದ ಬಾಹುಗಳನ್ನು ಲೆಕ್ಕದಿಂದಲೇ ತೆಗೆಯಬಹುದು. ಬೆಟ್ಟದಿಂದ ಬೆಟ್ಟಕ್ಕೆ ಕೋನ ಅಳೆಯುತ್ತ, ತ್ರಿಭುಜದ ಬೆನ್ನಿಗೆ ತ್ರಿಭುಜ ಹೆಣೆಯುತ್ತ ಬಂದರು. ಲೆಕ್ಕ ಸರಿಯೇ ಎಂದು ನೋಡಲು 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಖಂಡವನ್ನು ನೆಲದ ಮೇಲೇ ಅಳೆದರು. ಕೋನಗಳಿಂದ ಬಂದ ಉತ್ತರಕ್ಕೂ ಸರಪಳಿಯ ಉತ್ತರಕ್ಕೂ ಏಳು ಮೈಲಿಯಲ್ಲಿ ಇದ್ದ ವ್ಯತ್ಯಾಸ ಕೆಲವೇ ಅಂಗುಲ.

‘ಸರ್ಕಲ್’ ಎಲ್ಲವೂ ವೃತ್ತವಲ್ಲ

ಕೈವಾರದ ಬಗ್ಗೆ ಎರಡು ಮಾತು. ಬೆಂಗಳೂರಿನಲ್ಲಿ ನಾಲ್ಕು ರಸ್ತೆ ಕೂಡಿದರೆ ಅದಕ್ಕೆ ಸರ್ಕಲ್ ಎನ್ನುತ್ತೇವೆ. ಗಣಿತದ ವೃತ್ತ ಕಟ್ಟುನಿಟ್ಟಿನದು: ಒಂದು ಕೇಂದ್ರಬಿಂದುವಿನಿಂದ ಒಂದೇ ದೂರದಲ್ಲಿರುವ ಸಮತಲದ ಎಲ್ಲ ಬಿಂದುಗಳು, ಒಂದೂ ಬಿಡದಂತೆ. ಆ ದೂರ ತ್ರಿಜ್ಯ. ವೃತ್ತದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ರೇಖಾಖಂಡ ಜ್ಯಾ. ಜ್ಯಾ ಎಂದರೆ ಬಿಲ್ಲಿನ ಹೆದೆ, ಚಿತ್ರ ನೋಡಿದರೆ ಹೆಸರು ತಾನೇ ನೆನಪಿರುತ್ತದೆ.

ವ್ಯಾಖ್ಯೆ ಎಲ್ಲಿ ನಿಲ್ಲಬೇಕು?

ನಿಘಂಟಿನಲ್ಲಿ ‘ನೇರ’ ಎಂದು ಹುಡುಕಿದರೆ ‘ಸರಳ’ ಎಂದಿರುತ್ತದೆ, ‘ಸರಳ’ ಹುಡುಕಿದರೆ ‘ನೇರ’ ಎಂದಿರುತ್ತದೆ. ಒಂದು ಮಾತನ್ನು ಇನ್ನೊಂದು ಮಾತಿನಿಂದಲೇ ವಿವರಿಸಬೇಕು, ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಕ್ರಿ.ಪೂ. 300ರ ಆಸುಪಾಸಿನಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಯೂಕ್ಲಿಡ್ ಬಿಂದುವನ್ನು ‘ಭಾಗಗಳಿಲ್ಲದ್ದು’ ಎಂದೂ ರೇಖೆಯನ್ನು ‘ಅಗಲವಿಲ್ಲದ ಉದ್ದ’ ಎಂದೂ ಕರೆದ. ಹಾಗಾದರೆ ಭಾಗ ಎಂದರೇನು, ಅಗಲ ಎಂದರೇನು? 1899ರಲ್ಲಿ ಜರ್ಮನಿಯ ಡೇವಿಡ್ ಹಿಲ್ಬರ್ಟ್ ಬಿಂದು, ರೇಖೆ, ಸಮತಲ ಮೂರನ್ನೂ ವ್ಯಾಖ್ಯಾನಿಸದೆಯೇ ಬಿಟ್ಟರು. ಅವು ಏನು ಎಂದು ಹೇಳುವ ಬದಲು ಅವು ಹೇಗೆ ನಡೆದುಕೊಳ್ಳುತ್ತವೆ ಎಂಬ ನಿಯಮಗಳನ್ನು ಕೊಟ್ಟರು. ಚದುರಂಗದ ಕುದುರೆಯನ್ನು ಮರದಲ್ಲಿ ಮಾಡಿದರೂ ಪ್ಲಾಸ್ಟಿಕ್ಕಿನಲ್ಲಿ ಮಾಡಿದರೂ ಅದು ಕುದುರೆಯಾಗುವುದು ನಡೆಯುವ ನಡೆಯಿಂದ. ಬಿಂದುವೂ ಹಾಗೆ. ಬಿಂದು ಎಂದರೇನು ಎಂದು ಕೇಳಿ ತೃಪ್ತಿಯಾಗದ ಮಗು ದಡ್ಡ ಮಗು ಅಲ್ಲ, ಗಣಿತಜ್ಞರು ಎರಡು ಸಾವಿರ ವರ್ಷ ತಲೆ ಕೆಡಿಸಿಕೊಂಡ ಜಾಗದಲ್ಲೇ ಅದೂ ನಿಂತಿದೆ.

ಥರ್ಟಿ ಫಾರ್ಟಿ ಸೈಟಿನ ಗುಟ್ಟು

ಬೆಂಗಳೂರಿನಲ್ಲಿ 30 ಅಡಿಗೆ 40 ಅಡಿ ಸೈಟು ಎಂದರೆ ಗೊತ್ತಿಲ್ಲದವರಿಲ್ಲ. ನಾಲ್ಕು ಬದಿಯನ್ನೂ ಟೇಪ್ ಹಿಡಿದು 30, 40, 30, 40 ಎಂದು ನೋಡಿಕೊಂಡರೆ ಸೈಟು ಸರಿಯಾಗಿದೆ ಎಂದು ಹೇಳಬಹುದೇ? ಹೇಳಲಾಗದು. ನಾಲ್ಕು ಪಟ್ಟಿಗೆ ಮೊಳೆ ಹೊಡೆದ ಚೌಕಟ್ಟನ್ನು ಒಂದು ಪಕ್ಕಕ್ಕೆ ತಳ್ಳಿದರೆ ಅದು ವಾಲುತ್ತದೆ, ಪಟ್ಟಿಗಳ ಉದ್ದ ಬದಲಾಗುವುದಿಲ್ಲ. ಸೈಟಿನ ಮೂಲೆ 90ರ ಬದಲು 80 ಡಿಗ್ರಿ ಇದ್ದರೆ ಬದಿಗಳ ಅಳತೆ ಅಷ್ಟೇ ಇದ್ದರೂ 1200 ಚದರ ಅಡಿಯಲ್ಲಿ ಸುಮಾರು 18 ಚದರ ಅಡಿ ಕಡಿಮೆ. 3 ಅಡಿ ಅಗಲ 6 ಅಡಿ ಉದ್ದದ ಜಾಗ ಅದು.

ಅದಕ್ಕೇ ಪಾಯಕ್ಕೆ ಮಾರ್ಕಿಂಗ್ ಹಾಕುವಾಗ ಮೂಲೆಯಿಂದ ಎದುರು ಮೂಲೆಗೂ ಟೇಪ್ ಹಿಡಿಯುತ್ತಾರೆ. 30ರ ವರ್ಗ 900, 40ರ ವರ್ಗ 1600, ಕೂಡಿದರೆ 2500, ಅದು 50ರ ವರ್ಗ. ಮೂಲೆ ಲಂಬವಾಗಿದ್ದರೆ ಕರ್ಣ ಸರಿಯಾಗಿ 50 ಅಡಿ ಬರಬೇಕು, ಇನ್ನೊಂದು ಕರ್ಣವೂ 50 ಬರಬೇಕು. ಎಲ್ಲ ಸೈಟಿಗೂ ಹೀಗೆ ಪೂರ್ಣಸಂಖ್ಯೆ ಸಿಗುವುದಿಲ್ಲ. 20ಕ್ಕೆ 30ರ ಸೈಟಿಗೆ 36 ಅಡಿಯ ಮೇಲೆ ಮುಕ್ಕಾಲು ಅಂಗುಲಕ್ಕಿಂತ ಕೊಂಚ ಕಡಿಮೆ ಬರುತ್ತದೆ. ಆಯತದ ಬದಿಗಳಿಗೂ ಕರ್ಣಕ್ಕೂ ಇರುವ ಈ ಸಂಬಂಧವನ್ನು ನಮ್ಮಲ್ಲಿ ಯಜ್ಞವೇದಿ ಕಟ್ಟುವವರಿಗಾಗಿ ಬೌಧಾಯನ ಹೇಳಿದ್ದು ಶುಲ್ಬಸೂತ್ರದಲ್ಲಿ. ಶುಲ್ಬ ಎಂದರೆ ಹಗ್ಗ.

ಆ ಹುಡುಗಿಗೆ ಮತ್ತು ಅವಳ ಗೆಳತಿಯರಿಗೆ ಮುಂದಿನ ಶನಿವಾರ ನಾನು ಹಗ್ಗವನ್ನೇ ಕೊಟ್ಟೆ. ಒಂದೊಂದು ಅಡಿಗೆ ಗುರುತು ಹಾಕಿ 12 ಅಡಿ ಹಗ್ಗದ ಎರಡು ತುದಿ ಗಂಟು ಹಾಕಬೇಕು. ಮೂವರು ಹಿಡಿದುಕೊಂಡು 3, 4, 5 ಅಡಿಯ ಬದಿಗಳಾಗುವಂತೆ ಬಿಗಿಯಾಗಿ ಎಳೆದರೆ 3ಕ್ಕೂ 4ಕ್ಕೂ ನಡುವಿನ ಮೂಲೆ ಲಂಬಕೋನ. ತಾರಸಿಯ ಮೂಲೆಗಳಿಗೆ ಒಂದೊಂದಾಗಿ ಹಿಡಿದು ನೋಡಿದರು. ಮೂರು ಮೂಲೆಗೆ ಕೂತಿತು. ನೀರಿನ ಟ್ಯಾಂಕಿನ ಪಕ್ಕದ ಮೂಲೆಯಲ್ಲಿ ಹಗ್ಗಕ್ಕೂ ಗೋಡೆಗೂ ನಡುವೆ ಎರಡು ಬೆರಳಿನಷ್ಟು ಸಂದಿ. “ಗೋಡೆ ತಪ್ಪು ಮಿಸ್, ಹಗ್ಗ ಸರಿ” ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, ಮೂರು ಮೂಲೆ 90 ಇದ್ದರೆ ನಾಲ್ಕನೆಯದು 90 ಆಗದೇ ಇರಲು ಹೇಗೆ ಸಾಧ್ಯ, ಗೋಡೆಯೇ ಮಧ್ಯದಲ್ಲಿ ಬಾಗಿರಬೇಕು ಎಂದು, ಎರಡು ತುದಿಯ ನಡುವೆ ದಾರ ಬಿಗಿಯಲು ಹೊರಟಳು.